ಅವರೂರಲ್ಲಿ ಅದಕ್ಕೆ ಏನಂತಾರೆ?

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಸಂಪು ತುಂಬಿಸಿಕೊಂಡು ಹಿತ್ತಲಿನ ಡ್ರಮ್ಮಿಗೂ ಹಿಡಿದೆ. ಬಾಗಿಲು ಸಾರಿಸಿ ರಂಗೋಲಿ ಬಿಟ್ಟೆ. ಯಜಮಾನರು ಹಾಲಿನ ಡೇರಿಗೆ ಹೊರಡುವಷ್ಟರಲ್ಲಿ ಉಪ್ಪಿಟ್ಟು ಮಾಡಿ, ಮಾತ್ರೆ ತೆಗೆದುಕೊಟ್ಟೆ. ರಾಗಿ ಒನೆದು, ಕಲ್ಲು ಆರಿಸಿ, ಮಿಲ್ಲಿಗೆ ಕಳಿಸುವ ಚೀಲಕ್ಕೆ ತುಂಬಿದೆ. ಸಂಕ್ರಾಂತಿಗೆಂದು ಕೊಬ್ಬರಿ ಹೆಚ್ಚಿ ಬಿಸಿಲಿಗೆ ಹರವಿದೆ. ಕಾಗೆ ಬಾರದ ಹಾಗೆ ಮೇಲೊಂದು ಹಳೇ ಪಂಚೆ ಹೊದಿಸಿದೆ. ಆಮೇಲೆ ಬಟ್ಟೆ ಒಗೆದು ತಂತಿಯ ಮೇಲೆ ಹಾಕುತ್ತಿದ್ದಾಗ ಮಂಜುಳಾ ಫೋನು ಮಾಡಿದಳು.

ಮಂಜುಳಾ ನಮ್ಮ ಹಿಂದಿನ ಬೀದಿಯವಳು. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿರುವ ದೊಡ್ಡ ಹೋಟೆಲಿಗೆ ಕಸ ಗುಡಿಸಲು ಸೇರಿ, ಈಗ ಅಲ್ಲಿನ ಕೆಲಸದ ಹೆಂಗಸರಿಗೆಲ್ಲ ಮೇಲ್ವಿಚಾರಕಿ.

"ಅಕ್ಕಾ, ಕತ್ತಿ ಮೇಡಂ ಹೋಗ್ಬಿಟ್ರಂತೆ ಕಣಕ್ಕಾ."

"ಎಲ್ಲಿಗೆ?" ಅಂದೆ. ಕೇಳಿದ ಮೇಲೆ ಅರ್ಥವಾಯಿತು.

"ಹೋದ ವಾರವೇ ಅಂತೆ. ಎಳ್ಳು ಕೊಟ್ಬರಾಣ ಅಂತ ಆಶ್ರಮಕ್ಕೆ ಫೋನ್ ಮಾಡಿದ್ನಾ, ಆಗ ಹೇಳಿದ್ರು. ಎಲ್ಲಾ ಮುಗ್ಸಿಬಿಟ್ಟವ್ರೆ. ನೀವು ಅವ್ರಿಗೆ ಏನಾಗ್ಬೇಕು ಅಂತ ಕೇಳಿದ್ರು ಅಕ್ಕಾ. ಏನಂತ ಹೇಳ್ಲಿ ನಾನು?"

ಸಂಜೆ ಡ್ಯೂಟಿ ಮುಗಿಸಿಕೊಂಡು ಮನೆಗೆ ಬಾ ಎಂದೆ. ಬಕೆಟ್ಟಿನಲ್ಲಿ ಇನ್ನೂ ಬಟ್ಟೆ ಉಳಿದಿತ್ತು. ಅದನ್ನೂ ಹಿಂಡಿ ಹಾಕಿದೆ.

ಆ ತಂತಿಯ ಮೇಲೆಯೇ ಮೇಡಂ ದಿನಾ ಸಾಯಂಕಾಲ ಒಂದು ಜೊತೆ ಬಿಳಿ ಕೈಗವಸು ಒಣಹಾಕುತ್ತಿದ್ದರು. ನಮ್ಮ ಯಜಮಾನರ ಬನಿಯನ್ನು, ನನ್ನ ಸೀರೆ, ಪಕ್ಕದಲ್ಲಿ ಯಾರೋ ಮೇಲೆತ್ತಿದ ಎರಡು ಕೈಗಳ ಹಾಗೆ ಆ ಗವಸುಗಳು. ಬಂದ ಹೊಸದರಲ್ಲಿ ಬೀದಿಯವರು ಅದನ್ನು ನೋಡಿ, ಇವರು ಯಾವುದೋ ದೊಡ್ಡಾಸ್ಪತ್ರೆಯ ಡಾಕ್ಟರೇ ಇರಬೇಕೆಂದುಕೊಂಡರು. ಎದುರು ಮನೆಯ ತಾಯಮ್ಮ ಮಂಡಿನೋವು ಅಂತ ಮೆಟ್ಟಿಲು ಹತ್ತಿಯೇಬಿಟ್ಟಳು. ಅವರು ಅವಳ ಕಾಲನ್ನು ಹಿಂದೆ ಮುಂದೆ ನೋಡಿ, "ನನಗೆ ಕಬ್ಬಿಣದ ಕಾಯಿಲೆ ಮಾತ್ರ ಗೊತ್ತಮ್ಮ. ತುಕ್ಕು ಹಿಡಿದಿದ್ರೆ ಹೇಳು" ಎಂದು ಕಳಿಸಿದ್ದರು. ತಾಯಮ್ಮ ಇಳಿದು ಬಂದು, "ತುಕ್ಕು ಹಿಡ್ದೈತಂತೆ ನನ್ ಕಾಲು" ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಅವರು ನಮ್ಮ ಮಹಡಿಯ ರೂಮಿಗೆ ಬಾಡಿಗೆಗೆ ಬಂದದ್ದು ಏರ್‌ಪೋರ್ಟು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ದೇವನಹಳ್ಳಿಯ ತುಂಬ ಆಗ ಕೆಂಪು ಧೂಳು, ಜಲ್ಲಿ ಲಾರಿ, ಜಮೀನು ತೋರಿಸುವವರ ಕಾರು. ಮೊದಲ ವಿಮಾನಗಳು ಇಳಿಯತೊಡಗಿದಾಗ ಬೀದಿಗೆ ಬೀದಿಯೇ ಮಹಡಿ ಹತ್ತಿ ಕತ್ತು ನೋಯುವವರೆಗೂ ಮೇಲೆ ನೋಡುತ್ತಿತ್ತು. ಅವರೊಬ್ಬರು ನಮ್ಮ ನಡುವೆಯೇ ನಿಂತು, ತಲೆ ತಗ್ಗಿಸಿಕೊಂಡು ಗವಸಿಗೆ ಕ್ಲಿಪ್ಪು ಹಾಕುತ್ತಿದ್ದರು. ಎತ್ತರದ, ಒಣಕಲು ಮೈ, ಕತ್ತಿನವರೆಗೆ ಕತ್ತರಿಸಿದ ಬಿಳಿ ಕೂದಲು, ಗಂಡಸರ ಗಡಿಯಾರ. ಬೆಂಗಳೂರಿನ ಒಂದು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜನ ಬಂದು ನೋಡುವ ಕಡೆ ಅಲ್ಲ, ಒಳಗೆ, ಉಗ್ರಾಣದಲ್ಲಿ. "ನಾನು ಹಿಂದಿನ ಬಾಗಿಲಿನೋಳು ಕಣಮ್ಮ" ಎನ್ನುತ್ತಿದ್ದರು.

ನಮ್ಮ ಕಡೆಯ ಒಬ್ಬರು ದ್ರಾಕ್ಷಿ ತೋಟ ಮಾಡಿಕೊಂಡಿದ್ದವರು ಮಂಜುಳಾ ಕೆಲಸ ಮಾಡುವ ಆ ದೊಡ್ಡ ಹೋಟೆಲು ಕಟ್ಟಿಸಿದ್ದರು. ಬೆಂಗಳೂರಿನ ದಂಡಿನ ಕಡೆ ಯಾವುದೋ ಹಳೇ ಬಂಗಲೆ ಒಡೆಯುತ್ತಿದ್ದಾಗ ಕುರ್ಚಿ, ಕನ್ನಡಿ, ದೀಪಗಳ ಜೊತೆಗೆ ಒಂದು ರಾಶಿ ಹಳೇ ಕತ್ತಿ, ಬಾಕುಗಳನ್ನೂ ಹೊತ್ತು ತಂದಿದ್ದರು. ಒಂದೊಂದೂ ಒಂದೊಂದು ದೇಶದ್ದು. ವಿಮಾನ ಇಳಿದು ಬರುವವರಿಗೆ ಕಾಣುವ ಹಾಗೆ ಅವನ್ನು ಮುಂದಿನ ಗೋಡೆಗೆ ಹೊಂದಿಸಿ, ಪ್ರತಿಯೊಂದರ ಕೆಳಗೂ ಹೆಸರಿನ ಕಾರ್ಡು ಹಾಕಬೇಕೆಂದು ಅವರ ಆಸೆ. ಯಾರೋ ಹೇಳಿ ಇವರನ್ನು ಕರೆಸಿದರು. ಅಂದಿನಿಂದ ಇವರು ಊರಿಗೆಲ್ಲ ಕತ್ತಿ ಮೇಡಂ. ನಿಜವಾದ ಹೆಸರು ಬಾಡಿಗೆ ಮಾತಾಡುವ ದಿನ ಒಮ್ಮೆ ಹೇಳಿದ್ದರು. ಅದನ್ನು ಹಿಡಿದು ಯಾರೂ ಕರೆದದ್ದು ನೆನಪಿಲ್ಲ.

ಒಂದು ದಿನ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದೆ. ಬಂದು ಎದುರಿಗೆ ನೆಲದ ಮೇಲೆ ಕೂತರು.

"ಇದಕ್ಕೆ ನೀವೇನಂತೀರಿ?"

"ಈಳಿಗೆಮಣೆ ಅಲ್ವಾ ಮೇಡಂ. ನಿಮ್ಮನೇಲಿ ಇರ್ಲಿಲ್ವಾ?"

"ಇತ್ತು. ನಮ್ಮಮ್ಮ ಅರುವಾಮಣೆ ಅಂತಿದ್ರು. ನೀವೇನಂತೀರಿ ಅಂತ ಕೇಳಿದ್ದು. ಆ ಮೂಲೇಲಿರೋದು?"

"ಕುಡ್ಲು. ಅದು ಮಚ್ಚು, ಎಳನೀರಿಗೆ. ಇದು ಚಾಕು."

"ಈ ಚಾಕು ಎಲ್ಲೀದು ಗೊತ್ತಾ?"

"ಹೊಸಕೋಟೆ ಸಂತೇದು."

ಅವರು ಗೋಡೆಗೆ ಒರಗಿಕೊಂಡು ನಕ್ಕರು. "ವಸ್ತು ಹೊಸಕೋಟೇದು. ಮಾತು ಟರ್ಕಿ, ಪರ್ಷಿಯಾ ಕಡೆಯಿಂದ ಕುದುರೆ ಹತ್ತಿ ಬಂದಿದ್ದು."

ಆಮೇಲೆ ಹೇಳಿದರು: ಗೋಡೆಯ ಮೇಲಿನ ಕತ್ತಿಗಳಿಗೆಲ್ಲ ಏನೋ ಭಾರೀ ಹೆಸರು ಅಂತ ಜನ ತಿಳಿದಿರುತ್ತಾರೆ. ಕಿಲಿಜ್ ಎಂದರೆ ಎದೆ ನಡುಗುವ ಹಾಗಿರುತ್ತದೆ. ಟರ್ಕಿಯವರ ಬಾಯಲ್ಲಿ ಅದು ಬರೀ ಕತ್ತಿ. ಚೀನಾದವರ ದಾವ್ ಎಂದರೆ ಯುದ್ಧಕ್ಕೆ ಒಯ್ಯುವ ಕತ್ತಿಯೂ ಹೌದು, ಸೊಪ್ಪು ಹೆಚ್ಚುವುದೂ ಹೌದು. "ಪರದೇಶದೋನು ಒಬ್ಬ ಬಂದು ಕೈ ತೋರಿಸಿ, ಇದೇನು ಅಂತ ಕೇಳಿರ್ತಾನೆ. ಅಲ್ಲಿಯೋನು 'ಕತ್ತಿ ಕಣಪ್ಪಾ, ಕಾಣಲ್ವಾ?' ಅಂದಿರ್ತಾನೆ. ಇವನು ಅದನ್ನೇ ಬರ್ಕೊಂಡು ಹಡಗು ಹತ್ತಿರ್ತಾನೆ. ನಿಮ್ಮ ಈಳಿಗೆಮಣೇನ ಲಂಡನ್ನಿಗೆ ತಗೊಂಡು ಹೋಗಿ ಗೋಡೆಗೆ ನೇತುಹಾಕಿದ್ರು ಅಂದ್ಕೊಳ್ಳಿ. ಕೆಳಗೆ ಏನಂತ ಬರೀತಾರೆ ಗೊತ್ತಾ? 'ಈಳಿಗೆ. ದೇವನಹಳ್ಳಿಯ ಹೆಂಗಸರು ನೆಲದ ಮೇಲೆ ಕೂತು ಯುದ್ಧ ಮಾಡುವ ಆಯುಧ.'"

ನಾನು ನಕ್ಕು ನಕ್ಕು ಮಾವಿನಕಾಯಿ ಬದಲು ಬೆರಳು ಹೆಚ್ಚಿಕೊಳ್ಳುವುದರಲ್ಲಿದ್ದೆ. ಯಜಮಾನರು ಹಜಾರದಿಂದಲೇ, "ಸುಳ್ಳೇನಲ್ಲ ಬಿಡಿ ಮೇಡಂ" ಎಂದರು.

ಹೀಗೆ ಎಷ್ಟೋ ಹೇಳುತ್ತಿದ್ದರು. ಊರಲ್ಲಿದ್ದಾಗ ಒಂದು ಹೆಸರು, ಊರು ಬಿಟ್ಟ ಮೇಲೆ ಇನ್ನೊಂದು. ಯುರೋಪಿನಿಂದ ಬಂದ ನೆಟ್ಟಗಿನ ಅಲಗಿಗೆ ನಮ್ಮ ಕಡೆಯವರು ಹಿಡಿ ಹಾಕಿಸಿಕೊಂಡು ಫಿರಂಗಿ ಎಂದರಂತೆ. "ಫಿರಂಗಿ ಅಂದ್ರೆ ತೋಪಲ್ವಾ?" ಎಂದು ಯಜಮಾನರು ಅಡ್ಡ ಬಾಯಿ ಹಾಕಿದರೆ, "ಎರಡೂ ಅವರ ಕಡೆಯಿಂದಲೇ ಬಂದಿದ್ದಲ್ವಾ ಸ್ವಾಮಿ. ಪರದೇಶಿ ಅಂತ ಅಷ್ಟೇ ಅರ್ಥ. ಅದನ್ನ ಬಡಿದು ಮಾಡಿದ ಕಮ್ಮಾರ ಅದನ್ನ ಪರದೇಶಿ ಅಂತ ಯಾಕೆ ಕರೀತಾನೆ?" ಎನ್ನುತ್ತಿದ್ದರು. ಅರಬರ ಜಂಬಿಯಾ ಚೂರಿಗೆ 'ಪಕ್ಕದ್ದು' ಎಂದು ಅರ್ಥ ಹೇಳುತ್ತಾರಂತೆ. ಕಟ್ಟಿಕೊಳ್ಳುವುದು ಮಾತ್ರ ಹೊಟ್ಟೆಯ ಮುಂದೆ. ಖೈಬರ್ ಕಣಿವೆಯ ಹೆಸರು ಹೊತ್ತ ಉದ್ದನೆಯ ಚೂರಿಯೊಂದಿತ್ತು. ಆ ಹೆಸರು ಇಟ್ಟವರು ಕಣಿವೆ ದಾಟಲು ಬಂದ ಸಿಪಾಯಿಗಳು. ಅಲ್ಲಿ ಹುಟ್ಟಿ ಬೆಳೆದವರು ಅದಕ್ಕೆ ತಮ್ಮದೇ ಮಾತು ಇಟ್ಟುಕೊಂಡಿದ್ದರು.

ಯಾವ ವಸ್ತು ಕಂಡರೂ ಅವರ ಮೊದಲ ಪ್ರಶ್ನೆ ಒಂದೇ: "ಅವರೂರಲ್ಲಿ ಅದಕ್ಕೆ ಏನಂತಾರೆ?" ಸೊಪ್ಪು ಮಾರುವವಳನ್ನೂ ಬಿಡುತ್ತಿರಲಿಲ್ಲ. ದೊಡ್ಡಬಳ್ಳಾಪುರದಿಂದ ನನ್ನ ನಾದಿನಿ ಬಂದಿದ್ದಾಗ ಅವಳ ಮನೆಯ ಮಗ್ಗದ ಒಂದೊಂದು ಸಾಮಾನಿನ ಹೆಸರನ್ನೂ ಕೇಳಿ, ಅವಳಿಗೆ ತಲೆ ಕೆಟ್ಟು, "ಅತ್ತಿಗೆ, ನಿಮ್ಮ ಮೇಡಂ ಪೊಲೀಸ್ನೋರಾ?" ಎಂದು ಪಿಸುಗುಟ್ಟಿದ್ದಳು. ಸೈಕಲ್ಲಿನಲ್ಲಿ ಸಾಣೆ ಹಿಡಿಯುವವನು ಬಂದರೆ ಜಗಲಿಯಲ್ಲಿ ಕೂತು ಕಿಡಿ ನೋಡುತ್ತಿದ್ದರು. ಅವನಿಗೆ ಟೀ ಕೊಡಿಸಿ, "ನೀನು ಹರಿತ ಮಾಡೋದಲ್ಲಪ್ಪಾ, ತಿಂದುಹಾಕೋದು" ಎಂದು ರೇಗಿಸುತ್ತಿದ್ದರು. ಯಾಕೆ ಮದುವೆಯಾಗಲಿಲ್ಲ ಎಂದು ತಾಯಮ್ಮ ಕೇಳಿದ್ದಕ್ಕೆ, "ಕೈಯಲ್ಲಿ ಕತ್ತಿ ಇರ್ತಿತ್ತಲ್ಲ, ಯಾರೂ ಹತ್ತಿರ ಬರಲಿಲ್ಲ" ಎಂದರು.

ಭಾನುವಾರ ಮಾತ್ರ ಅವರಿಗೆ ಕಷ್ಟ. ಹೋಟೆಲಿಗೆ ರಜಾ ಹಾಕಿಕೊಂಡು ಮನೆಯಲ್ಲಿದ್ದರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಎರಡೆರಡು ಸಲ ತಲೆಗೆ ಎರೆದುಕೊಳ್ಳುವರು. ಕಿಟಕಿ ಒರೆಸುವರು. ಒಗೆದ ಗವಸನ್ನೇ ಮತ್ತೆ ಒಗೆಯುವರು. ನಮ್ಮ ಹಿತ್ತಲಿನ ಚಕ್ಕೋತದ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಹಣ್ಣು ಸುಲಿದು, ತೊಳೆಯ ಮೇಲಿನ ಬಿಳಿ ಪೊರೆಯನ್ನು ಒಂದಿಷ್ಟೂ ಹರಿಯದೆ ತೆಗೆದು ತಟ್ಟೆಗೆ ಜೋಡಿಸುವರು. ತಿನ್ನುವುದು ಕಡಿಮೆ. ಅಂಥ ಒಂದು ಭಾನುವಾರ, "ನಿಮ್ಮನ್ನ ಮನೇಲಿ ಏನಂತ ಕರೀತಿದ್ರು ಮೇಡಂ?" ಎಂದು ಕೇಳಿದೆ.

"ಕರೀತಿದ್ರು ಒಂದು ಹೆಸರು. ಅಮ್ಮ, ಅಣ್ಣ. ಈಗ ಹಾಗೆ ಕರೆಯೋರು ಯಾರೂ ಇಲ್ಲ."

"ಹೇಳಿ, ನಾನು ಕರೀತೀನಿ."

ತೊಳೆಯೊಂದನ್ನು ನನ್ನ ಕೈಗೆ ಕೊಟ್ಟರು. "ನಾನೇ ಹೇಳಿಕೊಟ್ಟು ಕರೆಸಿಕೊಂಡ್ರೆ ಅದು ಹಾಜರಿ ಕೂಗಿದ ಹಾಗಿರುತ್ತೆ ಕಣಮ್ಮ" ಎಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ಒಮ್ಮೆ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಗೋಡೆಗೆ ಕೆಂಪು ಮಖಮಲ್ಲು ಹೊದಿಸಿ ಕತ್ತಿಗಳನ್ನು ಸಾಲಾಗಿ ಕೂರಿಸಿದ್ದರು. ಪ್ರತಿಯೊಂದರ ಕೆಳಗೂ ಇವರ ದುಂಡು ಅಕ್ಷರದ ಕಾರ್ಡು: ಮೊದಲು ಅವರೂರಿನ ಹೆಸರು, ಆಮೇಲೆ ಅದು ಹೇಗೆ ಬಂತು ಅನ್ನುವ ಒಂದು ಸಾಲು. ಮಾಲೀಕರೇ ಎದುರು ಬಂದರು. ಧಾರಾಳ ಮನುಷ್ಯ, ದೊಡ್ಡ ಗಂಟಲು.

"ಬನ್ನಿ ಬನ್ನಿ, ಡೇರಿ ಅಣ್ಣೋರ ಮನೆಯೋರಲ್ವಾ? ಕಾಫಿ ಕುಡೀದೆ ಹೋಗಂಗಿಲ್ಲ. ನೋಡಿ, ನಿಮ್ ಮೇಡಮ್ಮೋರಿಗೆ ಸ್ವಲ್ಪ ಬುದ್ಧಿ ಹೇಳಿ. ಶಂಶೀರ್ ಅಂದ್ರೆ ಸಿಂಹದ ಉಗುರು ಅಂತ ಲೋಕಕ್ಕೆಲ್ಲ ಗೊತ್ತೈತೆ. ಹಾಕಿ ಅಂದ್ರೆ ಹಾಕಲ್ಲ."

"ಉಗುರು ಅಂತಾರೆ, ಬಾಲ ಅಂತಾನೂ ಅಂತಾರೆ. ಕತ್ತಿಯ ಬಾಗು ನೋಡಿದ ಮೇಲೆ ಯಾರಿಗೋ ಹೊಳೆದದ್ದಿರಬೇಕು. ಖಚಿತ ಇಲ್ಲ."

"ಖಚಿತ ಯಾಕೆ ಮೇಡಂ? ಸಿಂಹ ಹಾಕಿ, ಸಿಂಹ!"

ಕೊನೆಗೆ ಇವರು ಬರೆದದ್ದು: 'ಶಂಶೀರ್. ಪರ್ಷಿಯಾದಲ್ಲಿ ಕತ್ತಿಗೆ ಇರುವ ಮಾತು. ಸಿಂಹದ ಉಗುರು ಎಂದು ಅರ್ಥ ಹೇಳುವವರಿದ್ದಾರೆ.' ಹೇಳುವವರ ತಲೆಯ ಮೇಲೆ ಹಾಕಿ ಇಬ್ಬರೂ ಬಚಾವಾದರು.

ಒಂದು ಕತ್ತಿಯ ಕೆಳಗೆ ಮಾತ್ರ ಕಾರ್ಡು ಇರಲಿಲ್ಲ. ಮೊಳದುದ್ದವೂ ಇಲ್ಲದ ಅಲಗು, ಕೊಂಬಿನ ಹಿಡಿ. ಬೇರೆಯವುಗಳ ನಡುವೆ ಅದು ಮದುವೆಮನೆಯಲ್ಲಿ ಪರಿಚಯದವರಿಲ್ಲದ ಬಡ ನೆಂಟನ ಹಾಗಿತ್ತು. ಯಾವ ದೇಶದ್ದೆಂದು ಮೇಡಂಗೂ ಗೊತ್ತಾಗಿರಲಿಲ್ಲ. ಹಳೆಯ ಪರಿಚಯದವರಿಗೆಲ್ಲ ಪಟ ಕಳಿಸಿ ಕೇಳಿದ್ದರು. ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಆದರೆ ಹಿಡಿಯ ಹತ್ತಿರ, ಅಲಗಿನ ಬೆನ್ನ ಮೇಲೆ, ಕಿಲುಬು ಕಟ್ಟಿದ ಕಪ್ಪಿನ ಕೆಳಗೆ ಬೆಳ್ಳಿಯ ಎಳೆ ಬಡಿದು ಕೂರಿಸಿದ ಒಂದು ಸಾಲು ಬರಹವಿತ್ತು. ಕೂದಲೆಳೆಯಷ್ಟು ಸಣ್ಣ ಎಳೆ. ಇವರು ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಎಣ್ಣೆಯಲ್ಲಿ ಅದ್ದಿ, ದಿನಕ್ಕೆ ಸಾಸಿವೆಯಷ್ಟು ಜಾಗ ಒರೆಸುತ್ತಿದ್ದರು. ಒರೆಸಿ, ನೋಡಿ, ಮತ್ತೆ ಮುಚ್ಚಿಡುವರು. ಒಂದೆರಡು ಅಕ್ಷರದ ಕಾಲು ಕೈ ಮಾತ್ರ ಕಂಡಿತ್ತು. "ಅವಸರ ಮಾಡಿದ್ರೆ ಎಳೆ ಎದ್ದುಬರುತ್ತೆ. ಅದು ಬಾಯಿ ಬಿಡೋವರೆಗೆ ಕಾಯಬೇಕು" ಎನ್ನುವರು. ಕತ್ತಿಯ ಹೆಸರೋ, ಮಾಡಿದವನ ಹೆಸರೋ, ಊರೋ, ಏನಿದ್ದರೂ ಅದರ ಮನೆಗೆ ದಾರಿ ಆ ಸಾಲಿನಲ್ಲಿತ್ತು. ಬೆಳಿಗ್ಗೆ ಹೋಟೆಲಿಗೆ ಹೊರಡುವಾಗ ಅವರ ಮುಖ ನೋಡಬೇಕಿತ್ತು. ಯಾರೋ ಕಾಯುತ್ತಿದ್ದಾರೆ ಅನ್ನುವವರ ಹಾಗೆ ಮೆಟ್ಟಿಲು ಇಳಿಯುತ್ತಿದ್ದರು.

ಮಾಲೀಕರಿಗೆ ಖಾಲಿ ಜಾಗ ಕಂಡರಾಗದು. ನಮ್ಮೂರಿನಲ್ಲಿ ಹಳೆಯದೇನು ಸಿಕ್ಕರೂ ಅದು ಸುಲ್ತಾನರದು. ನಮ್ಮ ಕೋಟೆಯಲ್ಲಿ ಹುಟ್ಟಿದವರು ಅನ್ನುವ ಅಭಿಮಾನ. ನಮ್ಮ ಮಾವನವರು ಅಟ್ಟದ ಮೇಲಿನ ಒಡಕು ಹಂಡೆಯನ್ನೂ ಸುಲ್ತಾನರ ಕುದುರೆ ನೀರು ಕುಡಿದದ್ದೆಂದು ಹೇಳುತ್ತಿದ್ದರು. ಮಾಲೀಕರೂ, "ಸುಲ್ತಾನರ ಕತ್ತಿ ಅಂತ ಹಾಕ್ಬಿಡಿ ಮೇಡಂ, ಊರಿಗೂ ಮರ್ಯಾದೆ" ಎಂದು ವಾರಕ್ಕೊಮ್ಮೆಯಾದರೂ ಹೇಳುವರು. "ಅದೇ ಹೇಳುತ್ತೆ ತಾನು ಯಾರದು ಅಂತ. ಸ್ವಲ್ಪ ತಾಳಿ" ಎಂದು ಇವರು ತಳ್ಳಿಹಾಕುವರು.

ಆಯುಧಪೂಜೆ ಬಂತು.

ಹಿಂದಿನ ದಿನ ಮೇಡಂ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿದ್ದರು. ಪೂಜೆಯ ದಿನ ಹೋಟೆಲಿನವರು ಸುತ್ತಮುತ್ತಲಿನವರನ್ನೆಲ್ಲ ಕರೆದಿದ್ದರು. ಯಜಮಾನರು, ಮೇಡಂ ಜೊತೆ ನಾನೂ ಹೋಗಿದ್ದೆ. ನಾವು ಒಳಗೆ ಕಾಲಿಡುವ ಹೊತ್ತಿಗೆ ಗೋಡೆ ಥಳಥಳ ಹೊಳೆಯುತ್ತಿತ್ತು. ಬಸ್ಸು, ಮಿಕ್ಸಿ, ಲಿಫ್ಟು, ಎಲ್ಲಕ್ಕೂ ಕುಂಕುಮ ಹಚ್ಚುವ ದಿನ. ಹಾಗಿರುವಾಗ ನಿಜವಾದ ಆಯುಧಗಳನ್ನು ಮಾಸಲು ಬಿಟ್ಟು ಪೂಜೆ ಮಾಡುವುದು ಹೇಗೆ? ಕೆಲಸದ ಹೆಂಗಸರೆಲ್ಲ ಸೇರಿ ಕತ್ತಿಗಳನ್ನು ಇಳಿಸಿ, ಹುಣಸೆಹಣ್ಣು, ನಿಂಬೆಹೋಳು, ರಂಗೋಲಿ ಪುಡಿ ಹಾಕಿ ಉಜ್ಜಿದ್ದರು. ದೀಪದ ಕಂಬ ಬೆಳಗಿದ ಹಾಗೆ ಬೆಳಗಿಟ್ಟು, ವಿಭೂತಿ ಬಳಿದು, ಸೇವಂತಿಗೆ ಮುಡಿಸಿದ್ದರು.

ಮಂಜುಳಾ ಓಡಿಬಂದು ಮೇಡಂ ಕೈ ಹಿಡಿದಳು. "ಮೇಡಂ, ನೋಡಿ! ಕಡ್ಡಿ ಹಿಡ್ಕಂಡು ದಿನಾ ಅಷ್ಟಷ್ಟೇ ಉಜ್ತಾ ಕೂತಿರ್ತೀರಲ್ಲ, ನೋಡಕ್ಕಾಗ್ತಿರ್ಲಿಲ್ಲ ನಮ್ಗೆ. ನಿಮ್ ಕೆಲ್ಸನೆಲ್ಲ ನಾವೇ ಮುಗ್ಸಿಬಿಟ್ವಿ. ಆ ಸಣ್ಣ ಕತ್ತೀನಂತೂ ನಾನೇ ಕೂತು ಉಜ್ಜಿದ್ದು. ಎಷ್ಟು ಕರ್‍ರಗಿತ್ತು ಅಂತೀರಾ!"

ಅವರು ಆ ಕತ್ತಿಯ ಹತ್ತಿರ ಹೋಗಿ, ಬರಿಗೈಯಿಂದ ಅದರ ಬೆನ್ನು ಸವರಿದರು. ಗವಸಿಲ್ಲದೆ ಅವರು ಒಂದು ಕತ್ತಿಯನ್ನು ಮುಟ್ಟಿದ್ದನ್ನು ನಾನು ಕಂಡದ್ದು ಆಗಲೇ. ಒಂದು ಸಲ, ಮತ್ತೊಂದು ಸಲ. ನುಣುಪಾಗಿತ್ತು.

"ಮೇಡಮ್ಮೋರೇ ಆರತಿ ಎತ್ಲಿ" ಎಂದು ಮಾಲೀಕರು ಕೂಗಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು, ಮೆಚ್ಚಿಗೆಗೆ ಕಾಯುತ್ತಾ. ಅವರು ಆರತಿ ತಟ್ಟೆ ತೆಗೆದುಕೊಂಡು ಗೋಡೆಯ ಈ ತುದಿಯಿಂದ ಆ ತುದಿಗೆ ಎತ್ತಿದರು. ಕಡಲೆಪುರಿ, ಬಾಳೆಹಣ್ಣು ಇಸಿದುಕೊಂಡರು. ಹೊರಗೆ ಬೂದುಗುಂಬಳ ಒಡೆಯುವ ಸಂಭ್ರಮದಲ್ಲಿ ಅವರು ಮಂಜುಳಾಳ ಅಂಗೈ ಬಿಡಿಸಿ ನೋಡಿ, "ಹುಣಸೆಹುಳಿಗೆ ಕೈಯೆಲ್ಲ ಕೆಂಪಾಗಿದೆಯಲ್ಲೇ. ಉರೀತಿದ್ಯಾ? ಮಲಗೋ ಮುಂಚೆ ಕೊಬ್ಬರಿ ಎಣ್ಣೆ ಹಚ್ಕೋ" ಎಂದರು.

ಮನೆಗೆ ಬಂದ ಮೇಲೆ ನನಗೆ ವಿಷಯ ಹೇಳಿದರು. ಬೆಳ್ಳಿಯ ಎಳೆ ಒಂದೂ ಉಳಿದಿರಲಿಲ್ಲ. ರಂಗೋಲಿ ಪುಡಿಯ ಜೊತೆ ಬಚ್ಚಲಿಗೆ ಹೋಗಿತ್ತು.

"ಬೈಬೇಕಿತ್ತು ಮೇಡಂ" ಎಂದೆ.

"ಏನಂತ ಬೈಲಿ? ನನ್ನ ಮೇಲಿನ ಕನಿಕರಕ್ಕೆ ಉಜ್ಜಿದ್ದಾರೆ. ನನ್ನ ಕೆಲಸ ಮುಗೀಲಿ ಅಂತ ಯಾರೂ ಯಾವತ್ತೂ ಇಷ್ಟು ಕಷ್ಟಪಟ್ಟಿರಲಿಲ್ಲ ಕಣಮ್ಮ." ಪ್ರಸಾದದ ಬಾಳೆಹಣ್ಣು ನನ್ನ ಮುಂದಿಟ್ಟು, "ಅಲ್ಲೊಂದು ಕ್ರಿಸ್ ಇದೆಯಲ್ಲ, ಹಾವಿನ ಹಾಗೆ ಬಳುಕಿರೋದು? ಜಾವಾ ಕಡೇದು. ಅವರೂರಲ್ಲಿ ವರ್ಷಕ್ಕೊಂದ್ಸಲ ಅದನ್ನ ನಿಂಬೆರಸದಲ್ಲೇ ತೊಳೆದು ಪೂಜೆ ಮಾಡ್ತಾರೆ. ಇವತ್ತು ಅದೊಂದಕ್ಕೆ ಮನೆ ನೆನಪಾಗಿರುತ್ತೆ" ಎಂದರು. ಎದ್ದು ಮಹಡಿಗೆ ಹೋದರು. ಊಟಕ್ಕೆ ಕರೆದರೆ ಬರಲಿಲ್ಲ.

ವಿಜಯದಶಮಿ ಕಳೆದು ಮಾಲೀಕರು ಬಹಳ ಖುಷಿಯಲ್ಲಿದ್ದರು. ವಿದೇಶದಿಂದ ಯಾವುದೋ ದೊಡ್ಡ ತಂಡ ಹೋಟೆಲಿಗೆ ಬರುವುದಿತ್ತು. ಅದಕ್ಕೂ ಮುಂಚೆ ಗೋಡೆ ಪೂರ್ತಿಯಾಗಬೇಕು. "ಈಗ ಅದರ ಮೇಲೆ ಏನೂ ಬರೆದಿಲ್ವಲ್ಲ ಮೇಡಂ. ಸುಲ್ತಾನರದಲ್ಲ ಅನ್ನೋಕೆ ಏನೈತೆ ಸಾಕ್ಷಿ?" ಎಂದರಂತೆ. ಸಾಕ್ಷಿ ನಿಜಕ್ಕೂ ಇರಲಿಲ್ಲ. ಇವರು ಒಂದು ಕಾರ್ಡು ಬರೆದು ಗೋಡೆಗೆ ಸಿಕ್ಕಿಸಿದರು: 'ಹೆಸರು ತಿಳಿಯದು.  ಊರು ತಿಳಿಯದು. ಬಲ್ಲವರು ದಯವಿಟ್ಟು ಹೇಳಬೇಕು.' ಅದನ್ನೇ ಇಂಗ್ಲಿಷಿನಲ್ಲೂ ಬರೆದಿದ್ದರು.

ಮಾಲೀಕರು ಓದಿ ನಕ್ಕರಂತೆ. "ಗೊತ್ತಿಲ್ಲ ಅಂತ ಬರೆಯೋಕೆ ಓದಿದೋರು ಬೇಕಾ ಮೇಡಂ? ಅದನ್ನ ನಮ್ ವಾಚ್‌ಮನ್ನೂ ಬರೀತಾನೆ." ಸುಲ್ತಾನರ ಕತ್ತಿ ಎಂದು ಬರೆದುಕೊಟ್ಟರೆ ಇಡೀ ಗೋಡೆ ಇವರ ಸುಪರ್ದಿಗೆ, ಇರುವವರೆಗೂ. ಇಲ್ಲವಾದರೆ ಉಳಿದ ಕೆಲಸವೂ ಮುಗಿದ ಹಾಗೆಯೇ.

ಆ ಸಾಯಂಕಾಲ ನಮ್ಮ ಜಗಲಿಯಲ್ಲಿ ಕೂತು ಅವರು ಇದನ್ನೆಲ್ಲ ಹೇಳಿದಾಗ ಯಜಮಾನರು, "ಒಂದು ಕಾರ್ಡು ತಾನೆ ಮೇಡಂ? ಬರೆದು ಬಿಸಾಕಿ. ಈ ವಯಸ್ಸಲ್ಲಿ ಇನ್ನೆಲ್ಲಿ ಕತ್ತಿ ಹುಡ್ಕೊಂಡು ಹೋಗ್ತೀರಿ? ಇಲ್ಲೇ ಇರಿ, ನಮಗೂ ಅಭ್ಯಾಸ ಆಗಿದೆ" ಎಂದರು. ಯಜಮಾನರು ಅಷ್ಟು ಉದ್ದ ಮಾತಾಡುವುದೇ ಅಪರೂಪ.

"ನೀವು ಹೇಳೋದು ಸರಿ ಸ್ವಾಮಿ. ನನಗೂ ಇಲ್ಲೇ ಇರಬೇಕು ಅಂತಾನೇ ಇದೆ." ಗವಸುಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳು ಬೆರಳು ನೆಟ್ಟಗೆ ಮಾಡುತ್ತಿದ್ದರು. "ಖಾಲಿ ಇದ್ರೆ ಯಾರಾದ್ರೂ ನಿಂತು ಕೇಳ್ತಾರೆ. ಇಷ್ಟು ಜನ ಬರ್ತಾರೆ, ಲೋಕದ ಎಲ್ಲಾ ಕಡೆಯಿಂದ. ಒಂದಲ್ಲ ಒಂದು ದಿನ ಅದರ ಊರಿನೋರು ಬರ್ತಾರೆ. ಸುಳ್ಳು ಹೆಸರು ಬಿದ್ದುಬಿಟ್ರೆ ಆಮೇಲೆ ಯಾರೂ ಕೇಳೋಲ್ಲ. ಇರೋವರೆಗೂ ಅದು ಅದೇ."

ಅವರು ಬರೆಯಲಿಲ್ಲ. ತಿಂಗಳು ತುಂಬುವುದರೊಳಗೆ ರೂಮು ಖಾಲಿ ಮಾಡಿದರು. ಒಂದು ಟ್ರಂಕು, ಎರಡು ಚೀಲ. ಬೆಂಗಳೂರಿನಲ್ಲಿ ವಯಸ್ಸಾದವರಿಗೆಂದು ನಡೆಸುವ ಆಶ್ರಮ ಸೇರಿಕೊಂಡರು. ಗವಸು ಒಣಹಾಕುವ ಜಾಗದಲ್ಲಿ ನಾನು ಕೆಲವು ದಿನ ಏನೂ ಹಾಕಲಿಲ್ಲ. ಮಳೆ ಹಿಡಿದ ಮೇಲೆ ಬಟ್ಟೆ ಜಾಸ್ತಿಯಾಗಿ ಅಲ್ಲಿಗೂ ಹರವಿದೆ. ವರ್ಷಕ್ಕೊಮ್ಮೆ ಚಕ್ಕೋತ ತೆಗೆದುಕೊಂಡು ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಅಲ್ಲಿಯವರಿಗೆ ಅವರು ಹದಿನೈದನೇ ನಂಬರು ರೂಮಿನ ಅಜ್ಜಿ. ಊರಿನ ಸಮಾಚಾರವೆಲ್ಲ ಕೇಳುವರು. ಕೊನೆಗೆ, ನಾನು ಚಪ್ಪಲಿ ಮೆಟ್ಟುವಾಗ, "ಯಾರಾದ್ರೂ ಬಂದಿದ್ರಂತಾ?" ಎನ್ನುವರು. ಯಾರೂ ಬಂದ ಸುದ್ದಿ ನನಗಿರಲಿಲ್ಲ. ಹೋದ ಸಲ ಕೇಳಲಿಲ್ಲ. ಕಣ್ಣು ಪೂರ್ತಿ ಮಂಜಾಗಿತ್ತು. ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು.

ಸಂಜೆ ಮಂಜುಳಾ ಬಂದಳು. ಹೋಟೆಲಿನ ನೀಲಿ ಸೀರೆಯಲ್ಲೇ ಬಂದಿದ್ದಳು. ಅಡಿಗೆಮನೆಯ ಹೊಸಿಲ ಮೇಲೆ ಕೂತು ಅತ್ತಳು. ಕಾಫಿ ಕೊಟ್ಟೆ. ಬೆಳ್ಳಿ ಎಳೆಯ ಸಂಗತಿ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮೇಡಂ ಹೇಳಬೇಡಿ ಎಂದಿದ್ದರು. ಇವತ್ತೂ ನಾನು ಹೇಳಲಿಲ್ಲ.

"ಅವ್ರಿಗೊಂದು ವಿಷ್ಯ ಹೇಳ್ಬೇಕು ಅಂತಿದ್ದೆ ಅಕ್ಕಾ. ಎಳ್ಳು ಕೊಡಕ್ಕೆ ಹೋದಾಗ ಹೇಳಾಣ ಅಂತ ಇಟ್ಕಂಡಿದ್ದೆ."

"ಏನೇ?"

"ದೀಪಾವಳಿ ಆದ್ಮೇಲೆ ಒಬ್ರು ವಯಸ್ಸಾದೋರು ಬಂದಿದ್ರು, ಯಾವ್ದೋ ದೂರದ ದೇಶದೋರು. ಫ್ಲೈಟು ಲೇಟು ಅಂತ ಒಂದು ದಿನ ಇದ್ರು. ನಾನು ಆ ಗೋಡೆ ಹತ್ರ ಒರಸ್ತಿದ್ನಾ, ಬಂದು ನಿಂತ್ರು. ಎಲ್ಲಾ ದೊಡ್ಡ ಕತ್ತೀನೂ ಬಿಟ್ಟು ಆ ಸಣ್ದನ್ನೇ ನೋಡಿ ನಗ್ತಾವ್ರೆ. ನನ್ನ ಕರ್ದು, ಕೈ ಮಾಡಿ, ಅದರ ಹೆಸ್ರು ಹೇಳಿದ್ರು. ಎರಡ್ಮೂರು ಸಲ ಹೇಳಿದ್ರು ಅಕ್ಕಾ. ಆಮೇಲೆ ಹಿಂಗೆ, ಎದೆಗೆ ಏನೋ ಅವುಚ್ಕಂಡು ಕುಯ್ಯೋ ಥರ ಮಾಡಿ, ಅಮ್ಮ ಅಮ್ಮ ಅಂತ ತೋರಿಸಿದ್ರು. ಅವ್ರ ಅಮ್ಮ ಅದ್ರಲ್ಲಿ ರೊಟ್ಟಿ ಕುಯ್ತಿದ್ರೇನೋ. ಕಣ್ಣಲ್ಲಿ ನೀರು ಬಂದಿತ್ತು ಪಾಪ."

ನಾನು ಒಲೆಯ ಮುಂದೆ ನಿಂತೇ ಇದ್ದೆ. "ಏನು ಹೆಸರು ಹೇಳಿದ್ರು ಮಂಜುಳಾ?"

"ನಂಗೆ ನಾಲ್ಗೆ ತಿರುಗ್ಲಿಲ್ಲ ಅಕ್ಕಾ."

"ಯಾರಿಗಾದ್ರೂ ಬರೆಸಿ ಇಟ್ಟುಕೊಳ್ಳಬಾರದಿತ್ತಾ?"

ಅವಳು ನನ್ನ ಮುಖ ನೋಡಿದಳು. ಅವಳಿಗೆ ನಾನು ಕೇಳಿದ್ದೇ ವಿಚಿತ್ರವಾಗಿ ಕಂಡಿರಬೇಕು. "ಯಾಕಕ್ಕಾ? ಕೆಳಗೆ ಹಿತ್ತಾಳೆ ಬೋರ್ಡಲ್ಲಿ ಸುಲ್ತಾನರ ಕತ್ತಿ ಅಂತ ದಪ್ಪಕ್ಕೆ ಬರ್ದೈತಲ್ಲ. ಅವ್ರೂ ಅದನ್ನ ಓದುಸ್ಕಂಡು, ಓಹೋ ಅಂತ ತಲೆ ಆಡಿಸಿ ಹೋದ್ರು. ತಮ್ದೇ ತಪ್ಪೇನೋ ಅನ್ನೋ ಥರ."

ಕಾಫಿ ಲೋಟ ತೊಳೆದಿಟ್ಟು ಅವಳು ಮನೆಗೆ ಹೋದಳು. ಒಣಗಿದ ಬಟ್ಟೆ ಎಳೆದುಕೊಂಡು ಬಂದು ಮಡಚಿದೆ. ಯಜಮಾನರು ಬಂದಾಗ ಮೇಡಂ ಹೋದ ವಿಷಯ ಹೇಳಿದೆ. ಚಪ್ಪಲಿ ಬಿಡುತ್ತಿದ್ದವರು ಅಲ್ಲೇ ನಿಂತು, "ಅವರ ಹೆಸರು ಏನಂತಿತ್ತೇ?" ಎಂದು ಕೇಳಿದರು. ನಾನು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಸಾರು. ಯಜಮಾನರು ಎರಡನೇ ಮುದ್ದೆ ಬೇಡವೆಂದರು; ನಾನು ಮಜ್ಜಿಗೆ ಅನ್ನ ಇಷ್ಟೇ ಇಷ್ಟು ಉಂಡೆ. ದೀಪ ಆರಿಸುವ ಮುಂಚೆಯೇ ಅವರಿಗೆ ನಿದ್ದೆ ಹತ್ತಿತು.